ಹಾಡು ಕೇಳದವನ ಇಂಗ್ಲಿಷ್

ಜಾರ್ಜ್ ಮೈಕೇಲ್ ಹಾಡಿದ ಒಂದು ಸಾಲೂ ಕಿವಿಗೆ ಬೀಳುವ ಮೊದಲೇ ಅವನು ಸೋನಿ ಕಂಪನಿಯ ಮೇಲೆ ಹೂಡಿದ್ದ ದಾವೆಯ ಸಂಗತಿಯೆಲ್ಲ ನನಗೆ ಬಾಯಿಪಾಠವಾಗಿತ್ತು. ಹದಿಹರೆಯ ದಾಟುವ ಹೊತ್ತಿಗೇ ಅವನು ಕರಾರಿಗೆ ಸಹಿ ಹಾಕಿದ್ದು, ಆಮೇಲೆ ಅವನಿದ್ದ ಸಿಬಿಎಸ್ ರೆಕಾರ್ಡ್ಸ್ ಎಂಬ ಕಂಪನಿಯನ್ನೇ 1988ರಲ್ಲಿ ಸೋನಿ ಕೊಂಡುಕೊಂಡದ್ದು, ಈ ಕರಾರು ದುಡಿಯುವವನ ಕೈ ಕಟ್ಟಿಹಾಕುತ್ತದೆಂದು 1992ರಲ್ಲಿ ಅವನು ಲಂಡನ್ನಿನ ಹೈಕೋರ್ಟಿಗೆ ಹೋದದ್ದು, 1994ರ ಜೂನ್‌ನಲ್ಲಿ ಸೋತದ್ದು, ಮೇಲ್ಮನವಿ ಹಾಕುತ್ತೇನೆಂದು ಗುಡುಗಿದ್ದು. ಕಾಂಟ್ರ್ಯಾಕ್ಟ್, ಕ್ಲಾಸ್, ಬ್ರೀಚ್, ವರ್ಡಿಕ್ಟ್, ಅಪೀಲ್: ಇವೆಲ್ಲ ನನಗೆ ಸಿಕ್ಕಿದ್ದು ಆ ಗಡ್ಡ ಟ್ರಿಮ್ ಮಾಡಿಸಿಕೊಂಡ ಗ್ರೀಕ್ ಮೂಲದ ಹುಡುಗನಿಂದ. ಅವನ ದನಿ ತೆಳುವೋ ದಪ್ಪವೋ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ತಿಪಟೂರಿನಲ್ಲಿ ಕೊಬ್ಬರಿ ಮಂಡಿಯ ಗುಮಾಸ್ತರ ಮಗನಿಗೆ ಈ ವ್ಯಾಜ್ಯವೆಲ್ಲ ಯಾಕೆ ಬೇಕಿತ್ತು ಎಂದು ಯಾರಾದರೂ ಕೇಳಿದರೆ, ಬೇಕಿರಲಿಲ್ಲ ಎನ್ನುವುದೇ ಸರಿಯಾದ ಉತ್ತರ. ಸಾರ್ವಜನಿಕ ಗ್ರಂಥಾಲಯದಲ್ಲಿ ಸಂಜೆ ಹೊತ್ತು ಕನ್ನಡ ಪೇಪರು ಇಡಿಯಾಗಿ ಯಾರ ಕೈಗೂ ಸಿಗುತ್ತಿರಲಿಲ್ಲ. ಪ್ರಜಾವಾಣಿಯ ಕ್ರೀಡಾಪುಟ ಒಬ್ಬರ ಬಳಿ, ಸಿನಿಮಾ ಪುಟ ಇನ್ನೊಬ್ಬರ ಬಳಿ, ಮುಖಪುಟ ಯಾವಾಗಲೂ ಒಬ್ಬ ನಿವೃತ್ತ ರೆವಿನ್ಯೂ ಇನ್ಸ್‌ಪೆಕ್ಟರರ ಮಂಡಿಯ ಮೇಲೆ. ಬೆಂಗಳೂರಿನಿಂದ ಬಂದ ಇಂಗ್ಲಿಷ್ ಪತ್ರಿಕೆ ಮಾತ್ರ ಬೆಳಿಗ್ಗೆ ಬಂದ ಮಡಿಕೆಯಲ್ಲೇ ಗರಿಗರಿಯಾಗಿ ಬಿದ್ದಿರುತ್ತಿತ್ತು. ಸರದಿ ಕಾಯಲಾರದೆ ಅದನ್ನು ಎತ್ತಿಕೊಂಡೆ. ಸಂಪಾದಕೀಯ ಅರ್ಥವಾಗಲಿಲ್ಲ, ಸಂಸತ್ತಿನ ವರದಿ ಅರ್ಥವಾಗಲಿಲ್ಲ. ಒಳಪುಟದ ಮೂಲೆಯಲ್ಲಿ ರಾಯಿಟರ್ಸ್, ಎಎಫ್‌ಪಿ ಏಜೆನ್ಸಿಗಳಿಂದ ಬಂದ ನಾಲ್ಕು ಪ್ಯಾರಾದ ಸುದ್ದಿಗಳು ಮಾತ್ರ ಅರ್ಧ ಅರ್ಥವಾದವು. ಯಾರೋ ಯಾರನ್ನೋ ಬಿಟ್ಟರು, ಯಾರೋ ಯಾರ ಮೇಲೋ ಕೇಸು ಹಾಕಿದರು. ಮಿಕ್ಕ ಅರ್ಧ ತಿಳಿಯದೆ ಎದ್ದು ಬರಲು ಮನಸ್ಸಾಗುತ್ತಿರಲಿಲ್ಲ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಆಗ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೇ ಕ್ಲಾಸಿಗೆ. ಮೇಷ್ಟ್ರು ಒಳ್ಳೆಯವರು, ಪಾಠವನ್ನು ಕನ್ನಡದಲ್ಲೇ ಹೇಳಿ ಮುಗಿಸಿ, ಪ್ರಶ್ನೋತ್ತರ ಬರೆಸುತ್ತಿದ್ದರು. ಆ ಪಠ್ಯದ ಇಂಗ್ಲಿಷಿನಲ್ಲಿ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ, ಯಾರೂ ಸಾಲ ಮಾಡುತ್ತಿರಲಿಲ್ಲ. ರಾಜರು ನ್ಯಾಯವಂತರು, ಹುಡುಗರು ಸತ್ಯವಂತರು, ಮರಗಳು ಉಪಕಾರಿಗಳು. ಪರೀಕ್ಷೆ ಮುಗಿದ ಮರುದಿನ ಆ ರಾಜರಿಗೆ ಮುಂದೇನಾಯಿತು ಎಂದು ತಿಳಿಯುವ ಕುತೂಹಲ ಯಾರಿಗೂ ಇರಲಿಲ್ಲ. ಜಾರ್ಜ್ ಮೈಕೇಲನ ಕೇಸು ಹಾಗಲ್ಲ, ಅದಕ್ಕೆ ಮುಂದಿನ ವಾಯಿದೆ ಇತ್ತು.

ಇನ್ನೊಂದು ಅನುಕೂಲವನ್ನು ನಾನು ಅರಿತದ್ದು ಬಹಳ ವರ್ಷಗಳ ನಂತರ, ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತಾಗ. ಏಜೆನ್ಸಿ ಸುದ್ದಿಗೆ ಒಂದು ಕಟ್ಟುಪಾಡಿದೆ. ಹೊಸ ವಿಷಯ ಮೊದಲ ಎರಡು ಪ್ಯಾರಾದಲ್ಲಿ ಮುಗಿದರೆ, ಕೊನೆಯ ಪ್ಯಾರಾ ಹಳೆಯ ಕಥೆಯನ್ನೆಲ್ಲ ಮತ್ತೆ ಹೇಳುತ್ತದೆ, ಇವತ್ತೇ ಮೊದಲ ಬಾರಿ ಪೇಪರು ತೆರೆದ ಓದುಗನೂ ಕಂಗೆಡಬಾರದೆಂದು. ವಾರಕ್ಕೊಮ್ಮೆ ಅದೇ ಗಾಯಕ, ಅದೇ ಹಿನ್ನೆಲೆ, ಸ್ವಲ್ಪ ಬೇರೆ ಮಾತುಗಳಲ್ಲಿ. ಮೊದಲ ಬಾರಿ ಕಂಗೆಡಿಸಿದ ಪದ ಮೂರನೆಯ ಬಾರಿ ತಾನಾಗಿ ಬಿಟ್ಟುಕೊಡುತ್ತಿತ್ತು. ಜೊತೆಗೆ ಇಂಗ್ಲಿಷ್ ವರದಿಗಾರರಿಗೆ ಒಂದೇ ಹೆಸರನ್ನು ಎರಡು ಸಲ ಬರೆಯಲು ಅದೇನೋ ಸಂಕೋಚ. ಮೊದಲ ವಾಕ್ಯದಲ್ಲಿ ಮೈಕೇಲ್ ಜಾಕ್ಸನ್ ಆದವನು ಎರಡನೆಯದರಲ್ಲಿ ಪಾಪ್ ಸ್ಟಾರ್, ಮೂರನೆಯದರಲ್ಲಿ ಎಂಟರ್‌ಟೈನರ್, ನಾಲ್ಕನೆಯದರಲ್ಲಿ ಸೂಪರ್‌ಸ್ಟಾರ್. ಇವರೆಲ್ಲ ಬೇರೆಬೇರೆ ಜನರಲ್ಲ ಎಂದು ಪತ್ತೆಹಚ್ಚಿದ ದಿನ ಪರ್ಯಾಯ ಪದ ಎಂದರೇನೆಂದು ಯಾವ ವ್ಯಾಕರಣ ಪುಸ್ತಕವೂ ಬೇಕಾಗಲಿಲ್ಲ.

ಉದ್ದನೆಯ ಪದಗಳು ಕಷ್ಟ, ಗಿಡ್ಡ ಪದಗಳು ಸುಲಭ ಎಂಬ ನಂಬಿಕೆಯನ್ನು ತಲೆಕೆಳಗು ಮಾಡಿದ್ದೂ ಈ ಸುದ್ದಿಗಳೇ. ಬ್ಯಾಂಕ್ರಪ್ಟ್‌ಸಿಯಂಥ ಪದ ಎಷ್ಟೇ ಉದ್ದವಿರಲಿ, ಒಮ್ಮೆ ನಿಘಂಟು ತೆರೆದರೆ ಮುಗಿಯಿತು; 1995ರಲ್ಲಿ ಟಿಎಲ್‌ಸಿ ಎಂಬ ಮೂವರು ಹುಡುಗಿಯರ ತಂಡ ಲಕ್ಷಗಟ್ಟಲೆ ಕ್ಯಾಸೆಟ್ ಮಾರಿಯೂ ದಿವಾಳಿ ಅರ್ಜಿ ಹಾಕಿತು ಎಂದು ಓದಿದಾಗ ಅದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತು. ಎದೆ ನಡುಗಿಸಿದ್ದು ಶೀರ್ಷಿಕೆಯಲ್ಲಿ ಬರುವ ಪುಟ್ಟ ಪದಗಳು. ರೋ, ಸೂ, ಆಕ್ಸ್, ವೆಡ್, ವಾವ್. ಒಂದು ಕಾಲಂ ಅಗಲದಲ್ಲಿ ಹಿಡಿಸಬೇಕಲ್ಲ, ಹಾಗಾಗಿ ಉಪಸಂಪಾದಕರು ಮೂರಕ್ಷರದ ಪದಗಳನ್ನು ಹುಡುಕಿ ತುರುಕುತ್ತಿದ್ದರು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ರೋ ಎಂದರೆ ಮೊದಲು ಸಿಗುವುದು ಸಾಲು, ಆಮೇಲೆ ದೋಣಿ ಹುಟ್ಟು ಹಾಕುವುದು. ಓಯಸಿಸ್ ತಂಡದ ಅಣ್ಣತಮ್ಮಂದಿರು ಸಾಲಾಗಿಯೂ ನಿಂತಿಲ್ಲ, ದೋಣಿಯಲ್ಲೂ ಕೂತಿಲ್ಲ ಎಂದು ಸುದ್ದಿಯ ಮಿಕ್ಕ ಭಾಗ ಸಾರುತ್ತಿತ್ತು. ಜಗಳ ಎಂಬ ಅರ್ಥಕ್ಕೆ ಇಳಿಯುವ ಹೊತ್ತಿಗೆ ಗ್ರಂಥಾಲಯದ ಬಾಗಿಲು ಹಾಕುವ ಸಮಯವಾಗಿರುತ್ತಿತ್ತು.

ಇಷ್ಟಾದರೂ ಇದೆಲ್ಲ ಒಂದು ಬೇಸಿಗೆಯ ಗೀಳಾಗಿ ಮುಗಿದುಹೋಗುತ್ತಿತ್ತು, ನಮ್ಮತ್ತೆ ಇಲ್ಲದಿದ್ದರೆ.

ಅತ್ತೆ ಎಂದರೆ ಅಪ್ಪನ ತಂಗಿ. ನಡುಮನೆಯ ಕಿಟಕಿ ಪಕ್ಕ ಹೊಲಿಗೆ ಮಿಷನ್ ಇಟ್ಟುಕೊಂಡು ಬೀದಿಯ ಹೆಂಗಸರ ರವಿಕೆ ಹೊಲಿಯುತ್ತಿದ್ದರು. ಮದುವೆಯಾಗಿರಲಿಲ್ಲ. ಅವರ ಕೈಬೆರಳು, ಮೊಣಕೈ, ಕೊರಳಿನ ಒಂದು ಬದಿ ಬೆಳ್ಳಗಾಗಿತ್ತು. ಊರಿನವರು ತೊನ್ನು ಎನ್ನುತ್ತಿದ್ದರು, ಮನೆಯಲ್ಲಿ ಆ ಮಾತನ್ನು ಆಡುತ್ತಿರಲಿಲ್ಲ. ಡಾಕ್ಟರ ಚೀಟಿಯಲ್ಲಿ ಲ್ಯೂಕೋಡರ್ಮಾ ಎಂದಿರುತ್ತಿತ್ತು. ಗಂಡಿನ ಕಡೆಯವರು ಬಂದು, ಕಾಫಿ ಕುಡಿದು, ಕಾಗದ ಬರೆಯುತ್ತೇವೆಂದು ಹೋಗುತ್ತಿದ್ದ ಕಾಲ ನಾನು ಹುಟ್ಟುವ ಮೊದಲೇ ಮುಗಿದಿತ್ತು.

1993ರ ಫೆಬ್ರುವರಿಯಲ್ಲಿ ಮೈಕೇಲ್ ಜಾಕ್ಸನ್ ಟೀವಿಯಲ್ಲಿ ಓಪ್ರಾ ವಿನ್‌ಫ್ರೀ ಎದುರು ಕೂತು, ತಾನು ಚರ್ಮಕ್ಕೆ ಬಣ್ಣ ತೆಗೆಸಿಕೊಂಡು ಬೆಳ್ಳಗಾದವನಲ್ಲ, ಇದು ಕಾಯಿಲೆ ಎಂದ. ಮರುದಿನಗಳ ಪೇಪರಿನಲ್ಲಿ ವಿಟಿಲಿಗೊ ಎಂಬ ಪದ ಬಂತು. ನಿಘಂಟಿನ ಹಾಳೆ ತಿರುಗಿಸಿ ಅರ್ಥ ನೋಡಿದವನು ಓಡಿಬಂದು ಅತ್ತೆಗೆ ಹೇಳಿದೆ. ಮನೆಯಲ್ಲಿ ಆಡಬಾರದ ಮಾತನ್ನು ಇಂಗ್ಲಿಷಿನಲ್ಲಿ ಆಡಬಹುದು ಎಂಬ ಧೈರ್ಯ ಎಲ್ಲಿಂದ ಬಂತೋ. ಕ್ಷೌರದ ಅಂಗಡಿಯಲ್ಲೂ ಮೈಕೇಲ್ ಜಾಕ್ಸನ್ನನ ಪಟ ನೇತಾಡುತ್ತಿದ್ದ ಕಾಲ ಅದು, ಹೆಸರು ಅವರಿಗೂ ಗೊತ್ತಿತ್ತು. ಮಿಷನ್ನಿನ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿ, ಪಟ ಇದ್ದರೆ ತೋರಿಸು ಎಂದರು. ಪುಸ್ತಕದಂಗಡಿಯಲ್ಲಿ ಮಾರುವ ಪೋಸ್ಟ್‌ಕಾರ್ಡೊಂದು ನನ್ನ ಹತ್ತಿರ ಇತ್ತು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಸುಳ್ಳಲ್ಲ ಕಣೋ. ತೋಳುದ್ದ ಅಂಗಿ, ತಲೆ ಮೇಲೆ ಟೋಪಿ. ಒಂದೇ ಕೈಗೆ ಗ್ಲೌಸು ಯಾಕೆ ಹಾಕ್ತಾನೆ ಅಂದ್ಕಂಡೆ? ನಾನೂ ಸೆರಗು ಹಿಂಗೇ ಎಳ್ಕಳದು."

ಅಮೆರಿಕದ ಪತ್ರಿಕೆಗಳು ಆಗ ಅವನ ಮಾತನ್ನು ಪೂರ್ತಿ ನಂಬಿರಲಿಲ್ಲ. ಬ್ಲೀಚ್ ಎಂಬ ಪದವನ್ನು ಅವು ಬಿಡಲೊಲ್ಲವು. ನಮ್ಮತ್ತೆ ಮಾತ್ರ ತಿಪಟೂರಿನಲ್ಲಿ ಕೂತು ಒಂದು ಪೋಸ್ಟ್‌ಕಾರ್ಡು ನೋಡಿ ತೀರ್ಪು ಕೊಟ್ಟಿದ್ದರು.

ಅಲ್ಲಿಂದ ಸಂಜೆ ಗ್ರಂಥಾಲಯದಿಂದ ಬರುವಾಗ ನನಗೊಂದು ಕೆಲಸವಿರುತ್ತಿತ್ತು. "ಏನಂತೆ ಅವಂದು?" ಎಂಬ ಪ್ರಶ್ನೆಗೆ ಉತ್ತರ ತಯಾರಿರಬೇಕು. ಓದಿ ಅರ್ಥವಾದಂತೆ ಅನ್ನಿಸುವುದು ಬೇರೆ, ಸೂಜಿಗೆ ದಾರ ಪೋಣಿಸುತ್ತಲೇ ಅಡ್ಡಪ್ರಶ್ನೆ ಹಾಕುವ ಹೆಂಗಸಿಗೆ ಕನ್ನಡದಲ್ಲಿ ಹೇಳುವುದು ಬೇರೆ. ಸುದ್ದಿಯಲ್ಲಿ ರಿಪೋರ್ಟೆಡ್ಲಿ ಎಂಬ ಪದವನ್ನು ನಾನು ದಾಟಿಸಿ ಹೇಳಿದರೆ ಅವರಿಗೆ ತಟ್ಟನೆ ಗೊತ್ತಾಗುತ್ತಿತ್ತು: "ಯಾರು ನೋಡಿದ್ರಂತೆ? ಅವನೇ ಹೇಳಿದ್ನಾ?" ಮರಳಿ ಪೇಪರು ನೋಡಿದರೆ ಆ ಪದ ಅಲ್ಲೇ ಇರುತ್ತಿತ್ತು. ಇಂಗ್ಲಿಷ್ ವಾಕ್ಯದಲ್ಲಿ ಯಾವ ಪದ ಭಾರ ಹೊತ್ತಿದೆ, ಯಾವುದು ಸುಮ್ಮನೆ ನಿಂತಿದೆ ಎಂದು ತೂಗುವುದನ್ನು ಕಲಿತದ್ದು ಇಂಗ್ಲಿಷ್ ಬಾರದ ಆ ಕೇಳುಗರಿಂದ.

ಅದೇ ವರ್ಷ ಆಗಸ್ಟಿನಲ್ಲಿ ಬಂದ ಸುದ್ದಿಯನ್ನು ಹೇಳಲು ಮಾತ್ರ ನನ್ನಿಂದಾಗಲಿಲ್ಲ. ಒಬ್ಬ ಹುಡುಗನ ಮನೆಯವರು ಜಾಕ್ಸನ್ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದ್ದರು. ವರದಿಯಲ್ಲಿದ್ದ ಕ್ರಿಯಾಪದದ ಅರ್ಥವನ್ನು ನಿಘಂಟಿನಲ್ಲಿ ನೋಡಿದ ಮೇಲೆ ಕಿವಿ ಬಿಸಿಯಾಯಿತು. ಪ್ರವಾಸದಲ್ಲಿದ್ದಾನಂತೆ, ಹಾಡುತ್ತಿದ್ದಾನಂತೆ ಎಂದು ನೂಕುತ್ತಾ ಬಂದೆ. ಆ ಪ್ರವಾಸವೂ ನವೆಂಬರಿನಲ್ಲಿ ಅರ್ಧಕ್ಕೆ ನಿಂತು, ನೋವಿನ ಮಾತ್ರೆಯ ಚಟಕ್ಕೆ ಚಿಕಿತ್ಸೆ ಎಂಬ ಪ್ರಕಟಣೆ ಬಂದಾಗ ಹೇಳದೆ ವಿಧಿಯಿರಲಿಲ್ಲ. 1994ರ ಜನವರಿಯಲ್ಲಿ ಕೋರ್ಟಿನ ಹೊರಗೆ ದುಡ್ಡು ಕೊಟ್ಟು ಇತ್ಯರ್ಥ ಮಾಡಿಕೊಂಡರು. ಸೆಟಲ್‌ಮೆಂಟ್ ಎಂಬ ಪದ ನಮ್ಮ ಮನೆಗೆ ಹೊಸದಲ್ಲ, ಜಮೀನಿನ ಪಾಲುಪಟ್ಟಿಯಲ್ಲಿ ಅಪ್ಪ ಅದನ್ನು ಬಳಸುತ್ತಿದ್ದರು. ಅತ್ತೆ ರವಿಕೆಯ ಗುಂಡಿ ಕಚ್ಚಿಕೊಂಡೇ ಹೇಳಿದರು: "ದುಡ್ಡು ಕೊಟ್ಟವ್ನೆ ಅಂದ್ರೆ ಏನೋ ಇರ್ಬೇಕು. ಇಲ್ದೇನೂ ಇರ್ಬೋದು." ಆ ವಿಷಯದಲ್ಲಿ ಅವರು ಇದಕ್ಕಿಂತ ಮುಂದಕ್ಕೆ ಯಾವತ್ತೂ ಹೋಗಲಿಲ್ಲ. ಇಬ್ಬರಲ್ಲಿ ಒಬ್ಬರ ಪರ ಗಟ್ಟಿಯಾಗಿ ಕೂಗಿದವರನ್ನು ಆಮೇಲೆ ಬಹಳ ಕಂಡಿದ್ದೇನೆ, ಅವರ ಯಾವ ವಾದವೂ ಈ ಎರಡು ವಾಕ್ಯಗಳಷ್ಟು ನೇರವಾಗಿರಲಿಲ್ಲ.

ಆ ಬೇಸಿಗೆಯಲ್ಲಿ ಅವನು ಎಲ್ವಿಸ್ ಪ್ರೀಸ್ಲಿಯ ಮಗಳು ಲೀಸಾಳನ್ನು ಮದುವೆಯಾದ. "ಹೆಣ್ಣು ಕೊಟ್ರಲ್ಲ!" ಎಂದು ಅತ್ತೆ ನಕ್ಕ ನಗು ಅಡುಗೆಮನೆಯವರೆಗೂ ಕೇಳಿಸಿತು. ಎರಡು ವರ್ಷ ತುಂಬುವ ಮೊದಲೇ, 1996ರ ಜನವರಿಯಲ್ಲಿ, ಆಕೆ ವಿಚ್ಛೇದನಕ್ಕೆ ಅರ್ಜಿ ಹಾಕಿದಳು. ಇರ‍್ರೆಕನ್ಸೈಲಬಲ್ ಡಿಫರೆನ್ಸಸ್ ಎಂಬ ಎರಡು ಪದಗಳ ಕಾರಣ. ಕ್ಯಾಲಿಫೋರ್ನಿಯಾದಲ್ಲಿ ಬಹುತೇಕ ಎಲ್ಲರೂ ಬರೆಯುವ ಕಾರಣ ಅದೇ ಎಂದು ನನಗೆ ಆಗ ತಿಳಿಯದು. ನಾವಿಬ್ಬರೂ ಅದರ ಮೇಲೆ ಒಂದು ವಾರ ತಲೆ ಕೆಡಿಸಿಕೊಂಡೆವು. ಎಸ್ಟ್ರೇಂಜ್ಡ್ ಎಂಬ ವಿಶೇಷಣ ಪ್ರತಿ ವರದಿಯಲ್ಲೂ ಲೀಸಾಳ ಹೆಸರಿನ ಹಿಂದೆ ಅಂಟಿಕೊಂಡು ಬರುತ್ತಿತ್ತು. ಸ್ಟ್ರೇಂಜ್ ಗೊತ್ತಿದ್ದವನಿಗೆ ವಿಚಿತ್ರ ಹೆಂಡತಿ ಎಂಬ ಅರ್ಥವೇ ಹೊಳೆದೀತು. ಅತ್ತೆ ಒಪ್ಪಲಿಲ್ಲ: "ವಿಚಿತ್ರ ಅಂತ ಪೇಪರಲ್ಲಿ ಹಾಕ್ತಾರೇನೋ? ತವರಲ್ಲಿ ಕೂತವ್ಳೆ ಅಂತಿರ್ಬೇಕು ನೋಡು." ನಿಘಂಟು ಅವರ ಪರವಾಗಿತ್ತು.

ಹಾಡುಗಳು ಊರಿಗೆ ಬಂದದ್ದು ಸುದ್ದಿ ಬಂದು ಎಷ್ಟೋ ಕಾಲದ ಮೇಲೆ, ಅದೂ ಕೇಬಲ್‌ನವನ ಕೃಪೆಯಿಂದ. ಹೊರಪೇಟೆಯ ಆಡಿಯೋ ರೆಕಾರ್ಡಿಂಗ್ ಅಂಗಡಿಯಲ್ಲಿ ಇಂಗ್ಲಿಷ್ ಎಂದರೆ ಬೋನಿ ಎಂ. ಆರ್ಕೆಸ್ಟ್ರಾದವರು ತಾಳ ತಗೊಳ್ಳುವುದಕ್ಕೂ ಅದೇ, ಗಣೇಶನ ಪೆಂಡಾಲಿನಲ್ಲಿ ಮೈಕ್ ಟೆಸ್ಟಿಗೂ ಅದೇ. ಆ ಅಂಗಡಿಯವನ ಜೊತೆ ನನಗೆ ನಡೆದ ಒಂದು ವಾಗ್ವಾದ ಇಲ್ಲಿ ಹೇಳಬೇಕು. ಮಂಡಿಯಲ್ಲಿ ಕಟ್ಟು ಕಟ್ಟಲು ತೂಕಕ್ಕೆ ತಂದ ಹಳೇ ಪೇಪರಿನ ರಾಶಿಯಲ್ಲಿ ಮಿಲಿ ವನಿಲಿ ಎಂಬ ಜೋಡಿಯ ಸುದ್ದಿ ಸಿಕ್ಕಿತ್ತು. ರಾಬ್ ಮತ್ತು ಫ್ಯಾಬ್ ಎಂಬ ಇಬ್ಬರು ಚೆಂದದ ಹುಡುಗರು 1990ರಲ್ಲಿ ಹೊಸ ಕಲಾವಿದರಿಗೆ ಕೊಡುವ ಗ್ರ್ಯಾಮಿ ಗೆದ್ದರು. ಅದೇ ವರ್ಷ ನವೆಂಬರಿನಲ್ಲಿ ಅವರ ನಿರ್ಮಾಪಕ ಫ್ರಾಂಕ್ ಫಾರಿಯನ್, ಆಲ್ಬಮ್ಮಿನಲ್ಲಿ ಹಾಡಿದವರು ಇವರಲ್ಲವೇ ಅಲ್ಲ, ಬೇರೆಯವರ ದನಿಗೆ ತುಟಿಯಾಡಿಸಿದ್ದಾರೆ ಎಂದು ಒಪ್ಪಿಕೊಂಡ. ಪ್ರಶಸ್ತಿಯನ್ನು ವಾಪಸು ಕಿತ್ತುಕೊಂಡರು. ರಿವೋಕ್, ಲಿಪ್‌ಸಿಂಕ್, ಫ್ರಾಡ್.

ಅಂಗಡಿಯವನಿಗೆ ಇದನ್ನು ವಿವರಿಸಿದೆ. ಅವನು ಕ್ಯಾಸೆಟ್ಟಿನ ರೀಲನ್ನು ಪೆನ್ಸಿಲ್ಲಿನಿಂದ ಸುತ್ತುತ್ತಾ ಕೇಳಿದ: "ಅದ್ರಲ್ಲಿ ತಪ್ಪೇನು? ನಮ್ ಅಣ್ಣಾವ್ರಿಗೆ ಪಿ.ಬಿ. ಶ್ರೀನಿವಾಸ್ ಹಾಡ್ಲಿಲ್ವಾ?"

ಉತ್ತರ ನನ್ನಲ್ಲಿರಲಿಲ್ಲ. 1974ರಲ್ಲಿ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ರಾಜ್‌ಕುಮಾರ್ ತಾವೇ ಹಾಡಿ ಊರಿಗೆ ಊರೇ ಕುಣಿಯುವವರೆಗೂ, ಪರದೆಯ ಮೇಲಿನ ಅವರ ತುಟಿಗಳಿಗೆ ಪಿಬಿಎಸ್ ಅವರ ಕೊರಳು ಸೇರಿಕೊಂಡಿದ್ದುದನ್ನು ಮೋಸವೆಂದು ಯಾರೂ ಅಂದವರಿಲ್ಲ. ಎರಡೂ ಒಬ್ಬರದೇ ಎಂಬಷ್ಟು ಹೊಂದಿಕೆ ಎಂದು ಕೊಂಡಾಡಿದವರೇ ಎಲ್ಲ. ಅಮೆರಿಕದಲ್ಲಿ ಕ್ಯಾಸೆಟ್ ಕೊಂಡವರು ದುಡ್ಡು ವಾಪಸು ಕೇಳಿ ಕೋರ್ಟಿಗೆ ಹೋದ ತಪ್ಪಿಗೆ ನಮ್ಮಲ್ಲಿ ಹೂಮಾಲೆ. ನಾವು ಸುಮಾರು ಹೊತ್ತು ತರ್ಕ ಮಾಡಿ ಬಂದು ನಿಂತದ್ದು ಕ್ಯಾಸೆಟ್ಟಿನ ಕವರಿಗೆ. ನಮ್ಮ ಕವರಿನ ಮೇಲೆ ಗಾಯಕರ ಹೆಸರು ಅಚ್ಚಾಗಿರುತ್ತದೆ. ಮಿಲಿ ವನಿಲಿಯ ಕವರಿನಲ್ಲಿ ನಿಜವಾಗಿ ಹಾಡಿದವರಿಗೆ ಆ ಕ್ರೆಡಿಟ್ ಇರಲಿಲ್ಲ. ಸೊಸೈಟಿ ಸಾಲಕ್ಕೆ ಮಾತ್ರ ಕ್ರೆಡಿಟ್ ಎನ್ನುತ್ತಾರೆಂದು ತಿಳಿದಿದ್ದ ಇಬ್ಬರಿಗೂ ಅದೊಂದು ಹೊಸ ಬೆಳಕು. ಆಮೇಲೆ ಇನ್ನೊಂದು ಸುದ್ದಿಯಿಂದ ಗೊತ್ತಾಯಿತು: ಇದೇ ಫಾರಿಯನ್ ಬೋನಿ ಎಂ ತಂಡವನ್ನೂ ಕಟ್ಟಿದವನು. ವೇದಿಕೆ ಮೇಲೆ ಕುಣಿಯುತ್ತಿದ್ದ ಬಾಬಿ ಫ್ಯಾರೆಲ್‌ನ ಬಾಯಿಂದ ರೆಕಾರ್ಡಿನಲ್ಲಿ ಬರುತ್ತಿದ್ದ ಗಡಸು ದನಿ ಫಾರಿಯನ್‌ನದೇ. ಅಂಗಡಿಯವನು ಈ ಸುದ್ದಿಯನ್ನು ಒಪ್ಪಲೇ ಇಲ್ಲ. ಪೇಪರಿನವರಿಗೆ ಬೋನಿ ಎಂ ಮೇಲೆ ಹೊಟ್ಟೆಕಿಚ್ಚು ಎಂದ.

ಪ್ರಿನ್ಸ್ ಎಂಬ ಗಾಯಕನ ಕುರಿತೂ ಎರಡು ಮಾತು. 1993ರಲ್ಲಿ ಆ ಮಹಾಶಯ ವಾರ್ನರ್ ಕಂಪನಿಯ ಮೇಲಿನ ಮುನಿಸಿಗೆ ತನ್ನ ಹೆಸರನ್ನೇ ಕೈಬಿಟ್ಟು, ಉಚ್ಚರಿಸಲಾಗದ ಒಂದು ಚಿಹ್ನೆಯನ್ನು ಹೆಸರಾಗಿ ಇಟ್ಟುಕೊಂಡ. ಆ ಚಿಹ್ನೆ ಅಚ್ಚು ಮಾಡಲೆಂದು ಕಂಪನಿ ಪತ್ರಿಕೆಗಳಿಗೆ ಫ್ಲಾಪಿ ಡಿಸ್ಕಿನಲ್ಲಿ ಫಾಂಟ್ ಕಳಿಸಬೇಕಾಯಿತು. ನಮ್ಮ ಪತ್ರಿಕೆಗೆ ಆ ಫ್ಲಾಪಿ ತಲುಪಿದಂತಿರಲಿಲ್ಲ. ಫಾರ್ಮರ್ಲಿ ನೋನ್ ಆ್ಯಸ್ ಪ್ರಿನ್ಸ್ ಎಂದೇ ಬರೆಯುತ್ತಾ ಬಂದರು, 2000ದಲ್ಲಿ ಅವನು ಹಳೇ ಹೆಸರಿಗೆ ಮರಳುವವರೆಗೂ. 2014ರ ರಾಜ್ಯೋತ್ಸವದಂದು ನಮ್ಮ ಸರ್ಕಾರ ಬೆಂಗಳೂರು, ತುಮಕೂರು ಸೇರಿ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ತಿದ್ದಿದಾಗ ಫಾರ್ಮರ್ಲಿ ಎಂದು ಟೈಪು ಮಾಡುತ್ತಾ ಒಬ್ಬನೇ ನಕ್ಕಿದ್ದೆ.

ಹೀಗೆ ಸೇರಿದ ಪದಸಂಪತ್ತು ಒಂದು ಪಕ್ಕಕ್ಕೆ ವಾಲಿದ್ದಂತೂ ನಿಜ. ನಲ್ಲಿ ಸೋರುತ್ತಿದೆ ಎಂದು ಇಂಗ್ಲಿಷಿನಲ್ಲಿ ಹೇಳಲು ಬಾರದು; ಕರಾರು ಉಲ್ಲಂಘನೆಯಾಗಿದೆ ಎಂದು ಹೇಳಬಲ್ಲೆ. ಸೌಟು, ಜರಡಿ, ಹಿತ್ತಿಲು, ಮಿಂಚುಹುಳ ಒಂದೂ ಗೊತ್ತಿಲ್ಲ. ಎಂಟೂರಾಜ್, ರಾಯಲ್ಟಿ, ಕಸ್ಟಡಿ, ರೀಹ್ಯಾಬ್ ಎಲ್ಲ ಗೊತ್ತು. ನನ್ನ ಇಂಗ್ಲಿಷಿನಲ್ಲಿ ಮನೆಯಿರಲಿಲ್ಲ, ಕೋರ್ಟಿತ್ತು. ಬೆಂಗಳೂರಿಗೆ ಬಂದ ಮೇಲೆ ಕಾನ್ವೆಂಟಿನಲ್ಲಿ ಓದಿದ ಗೆಳೆಯರು ಕವಿತೆಯ ಇಂಗ್ಲಿಷ್ ಮಾತಾಡುತ್ತಿದ್ದಾಗ ಸುಮ್ಮನಿರುತ್ತಿದ್ದೆ. ಆದರೆ ಬಾಡಿಗೆ ಕರಾರಿಗೆ ಸಹಿ ಹಾಕುವ ಹೊತ್ತು ಬಂದಾಗ, ಆರನೆಯ ಕಲಮನ್ನು ಓದಿ ಏನಿದೆ ಎಂದು ಹೇಳು ಎಂದು ಅವರೇ ಕಾಗದವನ್ನು ನನ್ನ ಕೈಗೆ ಕೊಡುತ್ತಿದ್ದರು.

ಕನ್ನಡ ಪತ್ರಿಕೆಯ ಡೆಸ್ಕಿಗೆ ಸೇರಿದ ಮೇಲೆ ಈ ವಕ್ರ ವಿದ್ಯೆ ಅನ್ನ ಕೊಟ್ಟಿತು. 2005ರ ಜೂನ್‌ನಲ್ಲಿ ಮೈಕೇಲ್ ಜಾಕ್ಸನ್ ಮೇಲಿನ ಎರಡನೇ ಪ್ರಕರಣದ ತೀರ್ಪು ಬಂದಾಗ ಇಲ್ಲಿ ನಡುರಾತ್ರಿ ಮೀರಿತ್ತು. ಎಲ್ಲ ಆರೋಪಗಳಿಂದಲೂ ಖುಲಾಸೆ. ಮಾರನೆಯ ದಿನದ ಶೀರ್ಷಿಕೆಗೆ ನಿರ್ದೋಷಿ ಎನ್ನೋಣವೇ, ಖುಲಾಸೆ ಎನ್ನೋಣವೇ ಎಂದು ಮಾತು ಬಂತು. ಊರಿಗೆ ಫೋನ್ ಮಾಡಿದಾಗ ಅತ್ತೆ ಕೇಳಿದ್ದೂ ಅದನ್ನೇ: "ಬಿಟ್ರು ಅಂದ್ರೆ ಮಾಡಿಲ್ಲ ಅಂತಾನಾ?" ಸಾಬೀತಾಗಲಿಲ್ಲ ಅಂತ ಎಂದೆ. "ಹಂಗಾದ್ರೆ ಅಷ್ಟೇ ಬರಿ." ಅಷ್ಟೇ ಬರೆದೆವು.

2009ರ ಜೂನ್‌ನಲ್ಲಿ ಅವನು ಸತ್ತಾಗ ಲಾಸ್ ಏಂಜಲಿಸ್‌ನಲ್ಲಿ ಮಧ್ಯಾಹ್ನ, ಇಲ್ಲಿ ಬೆಳಗಿನ ಜಾವ ಮೂರು ಗಂಟೆ. ನಮ್ಮ ಕೊನೆಯ ಆವೃತ್ತಿ ಅಚ್ಚಾಗಿ ಹೋಗಿತ್ತು. ಆಗಸ್ಟಿನಲ್ಲಿ ಅಲ್ಲಿನ ಕೊರೊನರ್ ಕಚೇರಿ ಇದು ಹೋಮಿಸೈಡ್ ಎಂದಿತು. ಡೆಸ್ಕಿನಲ್ಲಿ ಹೊಸಬನೊಬ್ಬ 'ಜಾಕ್ಸನ್ ಕೊಲೆ ದೃಢ' ಎಂದು ಬರೆದು ಪುಟಕ್ಕೆ ಕಳಿಸಿಬಿಟ್ಟಿದ್ದ. ಇನ್ನೊಬ್ಬರ ಕೈಯಿಂದಾದ ಸಾವೆಲ್ಲ ಕೊಲೆಯಲ್ಲ, ನಮ್ಮ ದಂಡಸಂಹಿತೆಯಲ್ಲೂ ಕೊಲೆಯಲ್ಲದ ನರಹತ್ಯೆ ಎಂಬ ಬೇರೆ ಕಲಮಿದೆ, ಪ್ರೊಪೊಫಾಲ್ ಎಂಬ ಅರಿವಳಿಕೆಯನ್ನು ನಿದ್ದೆಗೆಂದು ಕೊಟ್ಟ ಡಾಕ್ಟರ ಮೇಲೆ ಇನ್ನೂ ಕೇಸೇ ಆಗಿಲ್ಲ ಎಂದು ತಿದ್ದಿದೆ. 2011ರಲ್ಲಿ ಆ ಡಾಕ್ಟರು ಕಾನ್ರಾಡ್ ಮರ‍್ರೆಗೆ ಉದ್ದೇಶವಿಲ್ಲದ ನರಹತ್ಯೆಯ ಅಪರಾಧಕ್ಕೇ ನಾಲ್ಕು ವರ್ಷ ಶಿಕ್ಷೆಯಾಯಿತು.

ಅದಕ್ಕೂ ಮುಂಚೆ, 2010ರಲ್ಲಿ ಶವಪರೀಕ್ಷೆಯ ವರದಿ ಹೊರಬಿತ್ತು. ಅದರಲ್ಲಿ ವಿಟಿಲಿಗೊ ಎಂದು ಸ್ಪಷ್ಟವಾಗಿತ್ತು. ಪುಟದಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ವಾಕ್ಯದ ಜಾಗ. ಅತ್ತೆಗೆ ಹೇಳಿದೆ. "ಇದುಕ್ಕೆ ಸಾಯೋಗಂಟ ಕಾಯ್ಬೇಕಿತ್ತಾ?" ಎಂದು ಫೋನನ್ನು ಅಪ್ಪನ ಕೈಗೆ ಕೊಟ್ಟರು.

2013ರ ಹೊತ್ತಿಗೆ ಅವರಿಗೆ ನನ್ನ ಅಗತ್ಯ ಅಷ್ಟಿರಲಿಲ್ಲ, ಕನ್ನಡದ ಸುದ್ದಿ ಚಾನೆಲ್ಲುಗಳು ದಿನವಿಡೀ ಓಡುತ್ತಿದ್ದವು. ಮರ‍್ರೆ ಎರಡು ವರ್ಷಕ್ಕೇ ಹೊರಬಂದ ಸುದ್ದಿಯನ್ನು ನನಗೆ ಹೇಳಿದ್ದೇ ಅವರು. ಅಲ್ಲಿಯ ಜೈಲುಗಳು ತುಂಬಿಹೋಗಿ ಶಿಕ್ಷೆ ಕಡಿತವಾಯಿತು ಎಂದು ವಿವರಿಸಿದೆ. "ಅಮೆರಿಕದಲ್ಲೂ ಜಾಗ ಇಲ್ವಾ?" ಎಂದು ಆಶ್ಚರ್ಯಪಟ್ಟರು. ಆಮೇಲೆ ಆ ಮೂರು ಮಕ್ಕಳು ಈಗ ಯಾರ ಹತ್ತಿರ ಇವೆ ಎಂದು ಕೇಳಿದರು. ಅಜ್ಜಿಯ ಹತ್ತಿರ, ಜೊತೆಗೆ ದೊಡ್ಡಪ್ಪನ ಮಗನೊಬ್ಬನನ್ನೂ ಕೋರ್ಟು ಪೋಷಕನಾಗಿ ನೇಮಿಸಿದೆ ಎಂದೆ.

"ಆಸ್ತಿ ಯಾರು ನೋಡ್ಕತಾರೆ? ಅವನೇನಾ?"

ಅಲ್ಲ, ಅದಕ್ಕೆ ಬೇರೆ ಜನ ಇದ್ದಾರೆ, ಉಯಿಲಿನಲ್ಲೇ ಹೆಸರು ಬರೆದಿದ್ದ ಎಂದೆ.

"ಹಂಗಾದ್ರೆ ಪರವಾಗಿಲ್ಲ. ಟೀವಿಯವ್ರು ಇದೊಂದೂ ಹೇಳಲ್ಲ, ಬರೀ ಕುಣಿಯೋದನ್ನೇ ತೋರಿಸ್ತಾರೆ."